ಕಾಕಾನ ಟೆಂಪರ್ವರಿ ಪೈಪು

ರೇಡಿಯೇಟರ್ ಪೈಪ್ ಸೋರೂದು ಏನ್ ದೊಡ್ಡ ಜಡ್ಡಲ್ಲ ನೋಡ್ರಿ. ಎರಡು ಕ್ಲಿಪ್ ಸಡ್ಲ ಮಾಡಿ, ಹಳೇದು ಕಿತ್ತು, ಹೊಸಾದು ತುರುಕಿ, ಕ್ಲಿಪ್ ಬಿಗಿದ್ರ ಮುಗೀತು, ಯಾವ ಮೆಕ್ಯಾನಿಕ್‌ಗ ಕೇಳಿದ್ರೂ ಚಾ ಆರೂದ್ರಾಗ ಮಾಡಿ ಕೊಡ್ತೀನಿ ಅಂತಾನ. ಆದ್ರ ಗಾಡಿ ನಮ್ಮ ಕಾಕಾಂದು ಆಗಿದ್ರ ಲೆಕ್ಕ ಬ್ಯಾರೆ. ನಮ್ಮ ಕಾಕಾ ಯಾವ ಸಾಮಾನನ್ನೂ ಬದಲಿ ಮಾಡೂ ಮನಷ್ಯಾನ ಅಲ್ಲ. ಬಿಜಾಪುರ ಹೋಗಿ ವಿಜಯಪುರ ಆಗಿದ್ದು 2014ರ ನವೆಂಬರದಾಗ, ಕಾಕಾ ಇನ್ನೂ ಬಿಜಾಪುರಕ್ಕ ಹೋಗಿ ಬರ್ತೀನಿ ಅಂತಾನ, ಆ ಹೆಸರಿಗೆ ಏನಾಗಿತ್ತು, ಚಲೋ ಇತ್ತಲ್ಲ ಅಂತ ಮ್ಯಾಲೆ ನಮ್ಮನ್ನ ಕೇಳ್ತಾನ. ಅಂಥಾವ ಒಂದು ರಬ್ಬರ್ ಪೈಪ್ ಸೀಳಿತು ಅಂತ ಹೊಸಾದು ತರ್ತಾನೇನು?

ನಮ್ಮೂರು ತಿಕೋಟಾ ಕಡೆ. ಸುತ್ತ ಎಲ್ಲಾ ದ್ರಾಕ್ಷಿ ತ್ವಾಟ, ಒಣದ್ರಾಕ್ಷಿ ಶೆಡ್ಡು, ನೀರಿನ ಟ್ಯಾಂಕರು. ಕಾಕಾನ ಪಿಕಪ್ಪು ಎಲ್ಲಾದಕ್ಕೂ ಬೇಕು, ದ್ರಾಕ್ಷಿ ಕ್ರೇಟು, ಗೊಬ್ಬರದ ಚೀಲ, ಕಣಕಿ, ಸುಗ್ಗಿ ಮುಗಿದ ಮ್ಯಾಲೆ ಮದುವಿ ಮಂದಿ. ಗಾಡಿ ಯಾವ ಕಂಪನೀದು ಅಂತ ಹೇಳೂದಿಲ್ಲ, ಯಾಕಂದ್ರ ಅದರಾಗ ಕಂಪನೀದು ಅಂತ ಈಗ ಉಳದದ್ದು ಚಾಸಿ ನಂಬರ್ ಒಂದ, ಬಾಕಿ ಎಲ್ಲಾ ಕಾಕಾನ ತಯಾರಿ. ಟೆಂಪರೇಚರ್ ಮುಳ್ಳು ಯಾವಾಗ್ಲೂ ನಟ್ಟನಡುವ ನಿಂತಿರ್ತೈತಿ. ಗಾಡಿ ಬಂದ್ ಇದ್ರೂ ನಡುವ. ಬ್ಯಾಟರಿ ಕಿತ್ತು ಮನಿಯೊಳಗ ಇಟ್ಟಿದ್ರೂ ನಡುವ. "ನೋಡು, ಎಂಜಿನ್ ಎಷ್ಟ್ ಸಮಾಧಾನ ಐತಿ" ಅಂತ ಕಾಕಾ ಅದನ್ನ ತೋರಿಸ್ತಾನ.

ಮೊದಲು ಮೊದಲು ಮುಂಜಾನೆದ್ದು ರೇಡಿಯೇಟರ್‌ಗ ಒಂದ್ ತಂಬಗಿ ನೀರು ಹಾಕೂದಾಗ್ತಿತ್ತು. ಆಮ್ಯಾಲೆ ತಂಬಗಿ ಹೋಗಿ ಬಿಂದಗಿ ಬಂತು. ಕಾಕಾ ಅಂದ, ಬ್ಯಾಸಗಿ ಐತಿ, ಗಾಡಿಗೂ ನೀರಡಿಕಿ ಆಗ್ತೈತಿ. ರೇಡಿಯೇಟರ್ ಅಂಬೋದು ಸುತ್ತು ಕಟ್ಟಿದ ಹಾದಿ, ಅದೇ ನೀರು ಎಂಜಿನ್‌ದಾಗ ತಿರುಗಿ ಬಿಸಿ ಹೊತ್ಕೊಂಡು ಮ್ಯಾಲಿನ ಪೈಪಿನಿಂದ ರೇಡಿಯೇಟರ್‌ಗ ಬರ್ತೈತಿ, ಆರಿದ ಮ್ಯಾಲೆ ಕೆಳಗಿನ ಪೈಪಿನಿಂದ ವಾಟರ್ ಪಂಪಿಗೆ ವಾಪಸ್ ಹೋಗ್ತೈತಿ, ಕುಡಿಯೂ ಪ್ರಶ್ನೇನ ಇಲ್ಲ, ಕಡಿಮಿ ಆತು ಅಂದ್ರ ಎಲ್ಲೋ ಹೊರಗ ಹೊಂಟೈತಿ ಅಂತ ಹೇಳಿ ನೋಡಿದೆ. ಕಾಕಾ ಕೇಳಿ, ಬೀಡಿ ಹಚ್ಚಿ, "ನೀ ಡಿಗ್ರಿ ಓದಿದ್ದು ಯಾವುದ್ರಾಗ?" ಅಂದ. ಕಾಮರ್ಸ್ ಅಂದೆ. ಅಲ್ಲಿಗೆ ಆ ಮಾತು ಮುಗೀತು.

ಸೋರೂದು ಎಲ್ಲಿಂದ ಅಂತ ಹುಡುಕೂದ ಒಂದು ಕಥಿ. ಗಾಡಿ ತಣ್ಣಗಿದ್ದಾಗ ಬಾನೆಟ್ ಎತ್ತಿ ನೋಡಿದ್ರ ಒಂದ್ ಹನಿ ಇರಂಗಿಲ್ಲ, ಎಲ್ಲಾ ಒಣ ಒಣ. ಬಿಸಿ ಆಗಿ ಎಕ್ಸಿಲೇಟರ್ ಒತ್ತಿದ್ರ ಎಲ್ಲಿಂದೋ ಕೂದಲೆಳೆಯಷ್ಟು ಸಣ್ಣ ಪಿಚಕಾರಿ ಹಾರಿ ಫ್ಯಾನಿಗೆ ಬಡಿತೈತಿ, ಫ್ಯಾನ್ ಅದನ್ನ ತಗೊಂಡು ಇಡೀ ಎಂಜಿನ್‌ಗ ಚಿಮುಕಿಸ್ತೈತಿ, ಆಗ ನೋಡಿದ್ರ ಬೆಲ್ಟು, ಡೈನಮೋ, ಬ್ಯಾಟರಿ, ನಮ್ಮ ಮುಖ ಎಲ್ಲಾ ಹಸಿ. ಊರಾಗಿನ ಮೆಕ್ಯಾನಿಕ್ ವಾಟರ್ ಪಂಪ್ ಹೋಗೈತಿ ಅಂದ. ಟ್ಯಾಂಕರ್ ಡ್ರೈವರ್ ಹೆಡ್ ಗ್ಯಾಸ್ಕೆಟ್, ಅಂದ್ರ ಎಂಜಿನ್ನಿನ ತಲಿ ಕೆಳಗಿನ ಪಟ್ಟಿ, ಹೋಗೈತಿ ಅಂದ, ಅದೂ ಬಾಳ ಖುಷಿಯಿಂದ ಅಂದ.

ಹುಡುಕಿದಾಕಿ ನಮ್ಮ ಕಾಕು. ಅಳಿಯ ಬಂದಾಗ ನೋಡ್ಲಾರದ ಒಂದು ಕ್ಯಾನ್ ಹಸರ ಕೂಲಂಟ್ ತಂದು ಹಾಕಿ ಹೋಗಿದ್ದ, ನಮ್ಮ ಬೋರ್ ನೀರು ಬಾಳ ಗಡಸು, ಚಾ ಪಾತ್ರಿಗೇ ಬಿಳೀ ಪದರ ಕೂಡ್ತೈತಿ, ರೇಡಿಯೇಟರ್‌ನ ಸಣ್ಣ ನಳಿಗಿ ಕಟ್ಟಿ ಹೋಗ್ತಾವು, ಡಿಸ್ಟಿಲ್ಡ್ ವಾಟರ್ ಕೂಡಿಸಿ ಅರ್ಧಕ್ಕರ್ಧ ಹಾಕ್ರಿ ಮಾಮಾ ಅಂತ ಹೇಳಿ. ಅಳಿಯಂದು ಅಂತ ಕಾಕಾ ಬ್ಯಾಡ ಅನ್ನಲಿಲ್ಲ. ಕಾಕು ರಾತ್ರಿ ಗಾಡಿ ಕೆಳಗ ಹಳೇ ಪೇಪರ್ ಹಾಸಿದ್ಲು, ಮುಂಜಾನೆ ನೋಡಿದ್ರ ಸಂಪಾದಕೀಯದ ಮ್ಯಾಲೆ ಒಂದು ಹಸರ ಮಚ್ಚಿ. ಅದರ ನೇರ ಮ್ಯಾಲೆ ಟಾರ್ಚ್ ಹಿಡದು, ಮ್ಯಾಲಿನ ಪೈಪು ರೇಡಿಯೇಟರ್ ಮೂತಿಗೆ ಕೂಡೂ ಜಾಗಾದಾಗ, ಕ್ಲಿಪ್ಪಿನ ಹಿಂದ, ಬಟ್ಟು ಇಟ್ಟಳು. ಅಲ್ಲಿ ಕ್ಲಿಪ್ಪಿನ ಅಂಚಿಗುಂಟ ಉಗುರಿನಷ್ಟು ಉದ್ದ ಒಂದು ಸೀಳು, ಅದರ ಎರಡೂ ಕಡೆ ಒಣಗಿದ ಹಸರ ಪುಡಿ. ಪೈಪ್ ಒತ್ತಿದ್ರ ನಡುವ ಕಟಕಟ ಅಂತಿತ್ತು, ತುದ್ಯಾಗ ಮೆತ್ತಗ. ರಬ್ಬರ್ ವಯಸ್ಸಾದ್ರ ಹಂಗ, ಬಿಸಿಗೆ ಒಂದು ಕಡೆ ಬಿರುಸ ಆಗ್ತೈತಿ, ಆಯಿಲ್ ಹತ್ತಿದ ಕಡೆ ಉಬ್ಬಿ ಮೆತ್ತಗಾಗ್ತೈತಿ. ಕಾಕು ಆ ಪೇಪರ್ ಮಡಚಿ ಒಲಿಗೆ ಹಾಕಿದ್ಲು, ಯಾಕಂದ್ರ ಕೂಲಂಟ್ ರುಚಿಗೆ ಸೀ ಇರ್ತೈತಿ, ನಾಯಿ ನೆಕ್ಕಿದ್ರ ಸತ್ತ ಹೋಗ್ತಾವು, ನಮ್ಮ ಟಾಮಿ ಆಗಲೇ ಮೂಸಾಕತ್ತಿತ್ತು.

ಈಗ ಕಾಕಾನ ಪಾಳಿ. ಹಳೇ ಸೈಕಲ್ ಟ್ಯೂಬ್ ತಂದ, ಬಟ್ಟಿನಗಲ ಪಟ್ಟಿ ಕತ್ತರಿಸಿದ, ಜಗ್ಗಿ ಜಗ್ಗಿ ಸೀಳಿನ ಮ್ಯಾಲೆ ಸುತ್ತಿದ, ಅದರ ಮ್ಯಾಲೆ ಕಟ್ಟೂ ತಂತಿ. ರೇಡಿಯೇಟರ್ ಕ್ಯಾಪ್ ಮೊದಲ್ನೇ ಖಾಚಕ್ಕ ಅಷ್ಟ ತಿರುವಿ ಬಿಟ್ಟ. ನಿಮಗೆ ನಗು ಬರಬಹುದು, ಆದ್ರ ಇದರಾಗ ಕಾಕಾ ತಪ್ಪಲ್ಲ, ಪಕ್ಕಾ ಸೈನ್ಸ್ ಇದು. ನಮ್ಮ ವಿಜಯಪುರ ಸಮುದ್ರಕ್ಕಿಂತ ಸುಮಾರು 600 ಮೀಟರ್ ಎತ್ತರದಾಗ ಐತಿ, ಇಲ್ಲಿ ಒಲಿ ಮ್ಯಾಲಿನ ನೀರು 98 ಡಿಗ್ರಿಗೇ ಕುದಿತೈತಿ. ರೇಡಿಯೇಟರ್ ಕ್ಯಾಪಿನ ಸ್ಪ್ರಿಂಗು ಸಾಮಾನ್ಯವಾಗಿ 0.9 ಬಾರ್ ಹತ್ತತ್ರ ಒತ್ತಡ ಹಿಡಿತೈತಿ, ಅದಕ್ಕ ಒಳಗಿನ ನೀರು 115 ದಾಟಿದ್ರೂ ಕುದಿಯಂಗಿಲ್ಲ. ಕ್ಯಾಪ್ ಸಡ್ಲ ಬಿಟ್ರ ಒತ್ತಡ ಇಲ್ಲ, ಒತ್ತಡ ಇಲ್ಲಂದ್ರ ಪಿಚಕಾರಿ ಇಲ್ಲ, ಹನಿ ಹನಿ ಅಷ್ಟ. ಅದರ ಬದಲಿಗೆ ನೀರು ಲಗೂ ಕುದಿತೈತಿ, ಸಾವಕಾಶ ಹೋಗಬೇಕು, ಅಂಗಡೀತನ ಹೋಗಬೇಕು, ಹೊಸಾದು ಹಾಕಬೇಕು. ಕಾಕಾ ಮೊದಲಿನ ಎರಡು ಒಪ್ಪಿದ. ಮೂರನೇದು ಕಿವಿಗೆ ಬೀಳಲಿಲ್ಲ. ಟೆಂಪರ್ವರಿ ಅಂತ ಸುತ್ತಿದ ಟ್ಯೂಬು ಒಂದು ದ್ರಾಕ್ಷಿ ಹಂಗಾಮು ಪೂರ್ತಿ ದುಡೀತು.

ಸಾವಕಾಶ ಅಂದಿದ್ನಲ್ಲ, ಆ ಸಾವಕಾಶ ಕೆಟ್ಟದ್ದು ಬೀಳಗಿ ಕಡೆ ನಿಶ್ಚಯಕ್ಕ ಹೋದಾಗ. ಏಪ್ರಿಲ್ ಬಿಸಲು, ಹಿಂದ ಜಮಖಾನಿ ಹಾಸಿ ಹೆಣ್ಮಕ್ಕಳು ಕೂತಾರ, ಮುಹೂರ್ತಕ್ಕ ಹೊತ್ತಾಗೈತಿ ಅಂತ ಎಲ್ಲಾರೂ ಕ್ಯಾಬಿನ್ ಬಡಿಯಾಕತ್ತಾರ, ಕಾಕಾ ಎಕ್ಸಿಲೇಟರ್ ತುಳದ. ಕೊಲ್ಹಾರ ಬರೂದ್ರಾಗ ಬಾನೆಟ್‌ನ ಎರಡೂ ಬದೀಂದ ಹೊಗಿ. ಮುಳ್ಳು ಮಾತ್ರ ನಡುವ. ಇಳದು ನೋಡಿದ್ರ ತಂತಿ ಜಾರಿ, ಟ್ಯೂಬ್ ಬಿಚ್ಚಿ ಜೋತು ಬಿದ್ದೈತಿ. ಕಾಕಾ ಟಾವೆಲ್ ತಗೊಂಡು ಕ್ಯಾಪ್ ತಗ್ಯಾಕ ಹೋದ, ಕಾಕು ಹಿಂದಿಂದ ಒಂದ ಸಲ ಹೆಸರು ಹಿಡದು ಕರದ್ಲು. ಗಂಡನ ಹೆಸರು ಹಿಡದು ಕರದದ್ದು ನಾ ಕೇಳಿದ್ದು ಅದೊಂದ ಸಲ, ಕಾಕಾನ ಕೈ ಅಲ್ಲೇ ನಿಂತು ಬಿಡ್ತು. ಚಲೋನ ಆತು, ಕಾದ ರೇಡಿಯೇಟರ್ ಕ್ಯಾಪ್ ತಗದ್ರ ಒಳಗಿಂದ ಉಗಿ ಜೋಡಿ ಕುದಿಯೂ ನೀರು ಮಾರಿಗೇ ಹಾರ್ತೈತಿ.

ಅರ್ಧಾ ತಾಸು ಬೇವಿನ ಗಿಡದ ಕೆಳಗ ಕೂತ್ವಿ. ಆಮ್ಯಾಲೆ ನೀರಿನ ಪ್ರಶ್ನೆ. ಮುಂದ ಕೃಷ್ಣಾ ಕಾಣಸ್ತಾಳ, ಆಲಮಟ್ಟಿ ಹಿನ್ನೀರು, ಅಷ್ಟುದ್ದ ಬ್ರಿಜ್ ಕಟ್ಟ್ಯಾರ, ಆದ್ರ ಏಪ್ರಿಲದಾಗ ನೀರು ಹಿಂದ ಸರದು ನಡುವ ಎಲ್ಲಾ ಎರಿ ಮಣ್ಣಿನ ರಾಡಿ, ಇಳದವ ಬೂಟ್ ಬಿಟ್ಟ ಬರಬೇಕು. ಅಂಗಡ್ಯಾಗ ನೀರು ಕೊಡ್ತೀವಿ ಅಂದ್ರು, ತರಾಕ ನಮ್ಮ ಕಡೆ ಏನೂ ಇಲ್ಲ. ಕೊಲ್ಹಾರದಾಗ ಇರೂದೇನು? ಮೊಸರು. ಗಡಿಗ್ಯಾಗ ಹೆಪ್ಪ ಹಾಕಿದ್ದು, ಚಾಕು ಹಾಕಿ ಕೊಯ್ಯೂವಷ್ಟು ಗಟ್ಟಿ. ಬೀಗರಿಗೆ ಅಂತ ಒಂದು ಗಡಿಗಿ ಆಗಲೇ ಕೊಂಡಿದ್ವಿ, ಕಾಕು ಅದನ್ನ ಎಲ್ಲಾರ ಕೈಗೂ ಹಂಚಿದ್ಲು, ನಿಶ್ಚಯದ ಸೀರಿ ಉಟ್ಕೊಂಡು ಹೈವೇ ಬದೀಗೆ ಕೂತು ಅಂಗೈಯಿಂದ ಮೊಸರು ತಿಂದದ್ದನ್ನ ನಮ್ಮ ಹೆಣ್ಮಕ್ಕಳು ಇನ್ನೂ ಮರತಿಲ್ಲ, ನಿಶ್ಚಯದ ಊಟ ಏನಿತ್ತು ಅಂತ ಕೇಳಿದ್ರ ಯಾರಿಗೂ ನೆನಪಿಲ್ಲ. ಖಾಲಿ ಗಡಿಗಿ ತೊಳದು ಅದರಾಗ ನೀರು ತಂದು, ಎಂಜಿನ್ ಚಾಲೂ ಇಟ್ಟು ಸಾವಕಾಶ ಸುರದ್ವಿ, ಕಾದ ಎಂಜಿನ್‌ಗ ಒಮ್ಮೆಲೆ ತಣ್ಣೀರು ಹೊಯ್ದ್ರ ಹೆಡ್ ಸೀಳ್ತೈತಿ. ಕಾಕಾ ಮತ್ತ ಟ್ಯೂಬ್ ಸುತ್ತಿದ. ಹಂಗ ತೆವಳಕೋತ ಬೀಳಗಿ ಮುಟ್ಟಿದಾಗ ಮುಹೂರ್ತ ಮುಗದಿತ್ತು. ಮಜ್ಜಿಗಿ ಉಳದಿತ್ತು.

ಆ ರಾತ್ರಿ ಕಾಕು ಪೈಪ್ ತರೂತನ ಗಾಡಿ ಮುಟ್ಟೂಹಂಗಿಲ್ಲ ಅಂತ ಕೀಲಿ ತನ್ನ ಸೊಂಟಕ್ಕ ಸಿಕ್ಕಿಸಿಕೊಂಡ್ಲು.

ಇಲ್ಲೊಂದು ತೊಡಕೈತಿ, ಹಳೇ ಗಾಡಿ ಇದ್ದವರಿಗೆ ಗೊತ್ತಿರ್ತೈತಿ. ಅಂಗಡ್ಯಾಂವ ಸ್ಯಾಂಪಲ್ ಕೇಳ್ತಾನ. ಸ್ಯಾಂಪಲ್ ಬೇಕಂದ್ರ ಪೈಪ್ ಬಿಚ್ಚಬೇಕು, ಬಿಚ್ಚಿದ್ರ ಗಾಡಿ ಹೋಗಂಗಿಲ್ಲ. ಹಂಗಾಗಿ ಬಸ್ಸು. ಅದಕ್ಕಿಂತ ಮೊದಲು ಬಿಚ್ಚೂದು. ಇಷ್ಟು ವರ್ಷದ ರಬ್ಬರು ರೇಡಿಯೇಟರ್ ಮೂತಿಗೆ ಕಚ್ಚಿ ಹಿಡದಿತ್ತು. ಬ್ಲೇಡ್ ತಗೊಂಡು ಉದ್ದಕ ಸೀಳಿ ಸಿಪ್ಪಿ ಬಿಡಿಸಿದಂಗ ಬಿಡಿಸೂಣು ಕಾಕಾ ಅಂದೆ. "ಏ ಸೀಳಬ್ಯಾಡ, ಪೈಪ್ ಮುಂದ ಕೆಲಸಕ್ಕ ಬರ್ತೈತಿ!" ಯಾವ ಕೆಲಸಕ್ಕ ಅಂತ ಕೇಳಿದ್ರ ಉತ್ತರ ಇಲ್ಲ. ಒಂದ್ ಕಾಲು ಬಂಪರ್‌ಗ ಕೊಟ್ಟು, ಎರಡೂ ಕೈಲೆ ಹಿಡದು, ಆ ಕಡೆ ಈ ಕಡೆ ತಿರುವಿ ತಿರುವಿ ಕಿತ್ತ. ಕಿತ್ತಾಗ ಸಣ್ಣಕ ಟಿಕ್ ಅಂತ ಸಪ್ಪಳಾತು. ಅದು ನನ್ನ ಬೆನ್ನು ಅಂತ ಕಾಕಾ ಅಂದ.

ಬಸ್ಸಿನಾಗ ನಾ ಆ ಪೈಪನ್ನ ಕ್ಯಾರಿಬ್ಯಾಗಿನಾಗ ಹಾಕ್ಕೊಂಡು ತೊಡಿ ಮ್ಯಾಲೆ ಇಟ್ಕೊಂಡು ಕೂತಿದ್ದೆ. ಎಸ್ ಆಕಾರ, ಮೈತುಂಬ ಟ್ಯೂಬು ತಂತಿ, ಒಂದು ತುದಿ ಚೀಲದಿಂದ ಹೊರಗ ಇಣಿಕಿ ಹನಿ ಹನಿ ಹಸರ ನೀರು. ಬಾಜೂ ಕೂತ ಮುದುಕ ಬಾಳ ಹೊತ್ತು ನೋಡಿ, "ತಮ್ಮಾ, ಯಾರ ಪೈಕಿದು ಇದು?" ಅಂತ ಕೇಳ್ದ. ಕಂಡಕ್ಟರ್ ಲಗೇಜ್ ಟಿಕೆಟ್ ತಗೋ ಅಂತ ಸ್ವಲ್ಪ ಹೊತ್ತು ವಾದ ಮಾಡಿ, ತನ್ನ ಪ್ಯಾಂಟಿಗೆ ಎರಡು ಹನಿ ಬಿದ್ದ ಮ್ಯಾಲೆ ಮುಂದ ಹೋದ.

ಗಾಂಧಿ ಚೌಕದ ಹತ್ರ ಇಳದು ಅಂಗಡಿ ಅಂಗಡಿ ತಿರುಗಿದೆ. ಪೈಪ್ ನೋಡಿದವರೆಲ್ಲಾ ಮೊದಲು ಕೇಳಿದ್ದು ಮ್ಯಾಲಿಂದೋ ಕೆಳಗಿಂದೋ ಅಂತ. ಕೆಳಗಿನ ಪೈಪಿಗೆ ಪಂಪ್ ಎಳಿಯೂ ಜೋರಿಗೆ ಚಪ್ಪಟಿ ಆಗಬಾರದಂತ ಎಷ್ಟೋ ಗಾಡ್ಯಾಗ ಒಳಗ ಸ್ಪ್ರಿಂಗ್ ಇರ್ತೈತಿ, ಮ್ಯಾಲಿಂದಕ್ಕ ಬೇಕಾಗಿಲ್ಲ. ನಂದು ಮ್ಯಾಲಿಂದ. ಕಡೀಕ ಒಬ್ಬಾಂವ ಅಟ್ಟದ ಮ್ಯಾಲಿಂದ ಧೂಳ ಹಿಡಿದ ಒಂದು ಪೈಪ್ ಇಳಿಸಿ ನನ್ನ ಸ್ಯಾಂಪಲ್ ಬಾಜೂ ಇಟ್ಟ. ಬಾಗೂ ಅದೇ, ಬಾಯೂ ಅದೇ. ರೊಕ್ಕ ಕೇಳಿ ನಾನ ನಾಚಿದೆ, ನಿಶ್ಚಯಕ್ಕ ಒಯ್ದ ಮೊಸರಿನ ಗಡಿಗಿ ಮ್ಯಾಲೆ ಸ್ವಲ್ಪ ಅಷ್ಟ. ಸ್ಕ್ರೂ ಕ್ಲಿಪ್ ಎರಡು ಹೊಸಾವು ಒಯ್ಯು, ಹಳೇವು ಮತ್ತ ಹಾಕಬ್ಯಾಡ, ಕ್ಲಿಪ್ಪನ್ನ ತೀರಾ ತುದೀಗೆ ಹಾಕಬ್ಯಾಡ, ಮೂತಿ ಉಬ್ಬಿನ ಹಿಂದ ಕೂಡ್ರಬೇಕು, ಪೈಪ್ ಒಳಗ ಗ್ರೀಸ್ ಹಚ್ಚಬ್ಯಾಡ ಸೋಪಿನ ನೀರು ಹಚ್ಚು, ಇಷ್ಟೆಲ್ಲಾ ಫ್ರೀಯಾಗಿ ಹೇಳಿ ಕಳಿಸಿದ.

ಹಾಕಿದ್ದು ಚಾ ಆರೂದ್ರಾಗ. ನೀರು ತುಂಬಿ, ಕ್ಯಾಪ್ ತಗದ ಇಟ್ಟು ಗಾಡಿ ಚಾಲೂ ಮಾಡಿ ಬಿಟ್ವಿ, ಒಳಗಿನ ಗಾಳಿ ಬುಳುಬುಳು ಅಂತ ಹೊರಗ ಬಂತು, ನೀರು ಇಳೀತು, ಮತ್ತ ಹಾಕಿದ್ವಿ. ಥರ್ಮೋಸ್ಟಾಟ್, ಅಂದ್ರ ನೀರು ಕಾದ ಮ್ಯಾಲೆ ಹಾದಿ ಬಿಡೂ ಬಾಗಲಾ, ತೆರದಾಗ ಹೊಸಾ ಪೈಪು ಬಿಸಿ ಆತು, ಒಂದ್ ಹನಿ ಇಲ್ಲ. ಕ್ಯಾಪನ್ನ ಈ ಸಲ ಪೂರ್ತಿ ಬಿಗಿದೆ. ಕಾಕು ಸೊಂಟದಿಂದ ಕೀಲಿ ತಗದು ಕೊಟ್ಲು. ಕಾಕಾ ಹಳೇ ಪೈಪ್ ಒರೆಸಿ ದನದ ಮನಿ ಗ್ವಾಡಿಗೆ ತೂಗ ಹಾಕಿದ.

ಊರ ಮುಂದಿನ ದಿಬ್ಬ ಹತ್ತಿ ಬಂದು ನಿಲ್ಲಿಸಿದಾಗ ಮತ್ತ ಹನಿ. ಪೈಪಿನಿಂದ ಅಲ್ಲ, ಪೈಪ್ ಕೂಡೂ ಹಿತ್ತಾಳಿ ಮೂತಿ ರೇಡಿಯೇಟರ್‌ಗ ಬೆಸುಗಿ ಆದ ಜಾಗಾದಿಂದ. ಆ ಟಿಕ್ ಸಪ್ಪಳ ಬೆನ್ನಿಂದಲ್ಲ ಅಂತ ನನಗ ತಿಳೀತು, ಕಾಕು ಮಾರಿ ನೋಡಿದ್ರ ಆಕಿಗೂ ತಿಳದಿತ್ತು. ಕಾಕಾ ಮಾತ್ರ ಹೊಸಾ ಪೈಪ್ ಕಡೆ ಬಟ್ಟ ಮಾಡಿ, "ನೋಡು, ಹಳೇದು ಇದ್ದಾಗ ಮೂತಿ ಸುಮ್ಮ ಇತ್ತು, ಇದು ಬಾಳ ಬಿಗಿ ಹಿಡದೈತಿ" ಅಂದ. ಈಗಿನ ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್ ಆಗಿದ್ರ ಬೆಸುಗಿ ಹಾಕಾಕ ಬರ್ತಿರ್ಲಿಲ್ಲ, ಇದು ಹಳೇ ಹಿತ್ತಾಳಿದು, ಬಿಚ್ಚಿ ಒಯ್ದ್ರ ರೇಡಿಯೇಟರ್ ಅಂಗಡ್ಯಾಂವ ಕಾಸಿ ಕೂಡಿಸಿ ಕೊಡ್ತಾನ. ಫೋನ್ ಮಾಡಿದೆ, ಸೋಮವಾರ ತಗೊಂಡ ಬಾ ಅಂದಾನ. ಅಲ್ಲೀತನ ಯಾರೂ ಏನೂ ಸುತ್ತೂಹಂಗಿಲ್ಲ ಅಂತ ಕಾಕು ಸೈಕಲ್ ಟ್ಯೂಬೆಲ್ಲಾ ಅಟ್ಟಕ್ಕ ಒಗದಾಳ, ಕೀಲಿ ವಾಪಸ್ ಸೊಂಟಕ್ಕ ಹೋಗೈತಿ, ಕಾಕಾ ಮಾತ್ರ ಮುಂಜಾನಿಂದ ಮನಿ ತುಂಬ ಎಂ-ಸೀಲ್ ಹುಡುಕಾಕತ್ತಾನ.