ರಾತ್ರಿ ಹೊತ್ತು ಬೀಗದ ಕೈ ಯಾರ ಹತ್ತಿರ ಇರುತ್ತೆ?

ಹೊರದೇಶದಲ್ಲಿರುವ ಪರಿಚಯದವರು ಆಗಾಗ ಮೆಸೇಜ್ ಮಾಡುತ್ತಾರೆ. "ಅಮ್ಮನಿಗೆ ಬೆಂಗಳೂರಲ್ಲೋ ಮೈಸೂರಲ್ಲೋ ಒಂದು ಒಳ್ಳೆಯ ವೃದ್ಧಾಶ್ರಮ ಇದ್ದರೆ ಹೇಳಿ, ನೀವು ನರ್ಸ್ ಆಗಿದ್ದವರು, ನಿಮಗೆ ಗೊತ್ತಿರುತ್ತೆ" ಅಂತ. ಗೊತ್ತಿರುವವರ ಜೊತೆ ಇಂಥ ಜಾಗಗಳನ್ನು ನೋಡಿಕೊಂಡು ಬರುವುದು ನನಗೆ ನಿವೃತ್ತಿಯ ಮೇಲೆ ರೂಢಿಯಾಗಿದೆ. ಎಲ್ಲರೂ ಕೇಳುವುದು ಹೆಚ್ಚೂಕಡಿಮೆ ಒಂದೇ. ಸಿಸಿಟಿವಿ ಇದೆಯಾ? ಗೇಟಿನಲ್ಲಿ ಸೆಕ್ಯುರಿಟಿ ಇದ್ದಾನಾ? ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆ ಸಿಗುತ್ತಾ? ಡಾಕ್ಟರ್ ವಾರಕ್ಕೆ ಎಷ್ಟು ಸಲ ಬರುತ್ತಾರೆ?

ಕೇಳಬೇಕಾದ್ದೇ. ಆದರೆ ಇವೆಲ್ಲ ಹಗಲಿನ ಪ್ರಶ್ನೆಗಳು. ವಾರ್ಡಿನಲ್ಲಿ ನಾನು ಕಂಡ ಅನಾಹುತಗಳಲ್ಲಿ ಜಾಸ್ತಿ ರಾತ್ರಿಯವು. ಹಗಲು ಯಾವ ಆಶ್ರಮ ನೋಡಿದರೂ ಚೆನ್ನಾಗಿಯೇ ಕಾಣುತ್ತದೆ. ನೆಲ ಒರೆಸಿರುತ್ತಾರೆ, ದೇವರ ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ, ಅಜ್ಜಿಯರು ಟಿವಿ ಮುಂದೆ ಕೂತಿರುತ್ತಾರೆ. ಮ್ಯಾನೇಜರ್ ನಗುತ್ತಾ "ಒಂದು ಪ್ರಾಬ್ಲಮ್ಮೂ ಇಲ್ಲ ಮೇಡಂ" ಅನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ ಅಂತ ಕೇಳಿದ ಕೂಡಲೇ ಆ ನಗು ಸ್ವಲ್ಪ ಕಮ್ಮಿಯಾಗುತ್ತದೆ.

2004ರ ಜನವರಿ 31ರ ಬೆಳಗಿನ ಜಾವ ಸ್ಕಾಟ್ಲೆಂಡಿನ ರೋಸ್‌ಪಾರ್ಕ್ ಅನ್ನುವ ವೃದ್ಧಾಶ್ರಮದಲ್ಲಿ ಬೆಂಕಿ ಬಿತ್ತು. 14 ಜನ ವೃದ್ಧರು ಸತ್ತರು. ಅದೇನು ಹಾಳು ಕಟ್ಟಡ ಅಲ್ಲ. ಅಲಾರಂ ಇತ್ತು, ಅದು ಸರಿಯಾಗಿ ಹೊಡೆದುಕೊಂಡಿತು ಕೂಡ. ಬೆಂಕಿ ಹುಟ್ಟಿದ್ದು ಕಾರಿಡಾರಿನ ಒಂದು ಕಪಾಟಿನಲ್ಲಿ. ಕರೆಂಟಿನ ಬೋರ್ಡ್ ಇದ್ದದ್ದು ಅದರೊಳಗೇ, ಜೊತೆಗೆ ಸ್ಪ್ರೇ ಡಬ್ಬಿಗಳನ್ನೂ ಇಟ್ಟಿದ್ದರು. ಅಲಾರಂ ಹೊಡೆದಾಗ ರಾತ್ರಿ ಪಾಳಿಯವರು ಬೆಂಕಿ ಎಲ್ಲಿದೆ ಅಂತ ಹುಡುಕಲು ಹೊರಟರು. ಅಗ್ನಿಶಾಮಕದವರಿಗೆ ಫೋನ್ ಹೋಗುವ ಹೊತ್ತಿಗೆ ಒಂಬತ್ತು ನಿಮಿಷ ಕಳೆದಿತ್ತು. ಎಷ್ಟೋ ಮಲಗುವ ಕೋಣೆಗಳ ಬಾಗಿಲು ತೆರೆದೇ ಇದ್ದವು. ಹೊಗೆ ಸೀದಾ ಹಾಸಿಗೆಯವರೆಗೆ ಹೋಯಿತು. ವಿಚಾರಣೆಯ ವರದಿ ಹೊರಬಂದದ್ದು 2011ರಲ್ಲಿ. ಸಿಬ್ಬಂದಿಗೆ ಸರಿಯಾದ ತರಬೇತಿ ಇರಲಿಲ್ಲ, ಮೊದಲೇ ಸರಿಯಾಗಿ ಯೋಚಿಸಿದ್ದರೆ ಜೀವ ಉಳಿಸಬಹುದಿತ್ತು ಅನ್ನುವುದು ಅದರ ಸಾರ.

ಅಲಾರಂ ಇದೆಯಾ ಅಂತ ಟಿಕ್ ಹಾಕುವ ಫಾರಂ ಆ ಕಟ್ಟಡವನ್ನು ಪಾಸು ಮಾಡುತ್ತಿತ್ತು. ನಮ್ಮಲ್ಲಿ ಗೋಡೆಗೆ ನೇತುಹಾಕಿರುವ ಕೆಂಪು ಸಿಲಿಂಡರ್ ತೋರಿಸಿ "ಫೈರ್ ಸೇಫ್ಟಿ ಇದೆ" ಅನ್ನುತ್ತಾರಲ್ಲ, ಅದೂ ಅಷ್ಟೇ. ನಾನು ಒಂದು ಕೆಟ್ಟ ಅಭ್ಯಾಸ ಮಾಡಿಕೊಂಡಿದ್ದೇನೆ. ಅಲ್ಲೇ ಓಡಾಡುವ ಆಯಾಳನ್ನು ಕರೆದು "ಇದನ್ನು ಸ್ವಲ್ಪ ಕೆಳಗೆ ಇಳಿಸಮ್ಮ" ಅನ್ನುತ್ತೇನೆ. ಕೆಲವರಿಗೆ ಎತ್ತಲಿಕ್ಕೇ ಆಗುವುದಿಲ್ಲ. ಪಿನ್ ಎಳೆಯಬೇಕು ಅಂತ ಗೊತ್ತಿರುವವರು ತೀರಾ ಕಮ್ಮಿ. ಮ್ಯಾನೇಜರ್‌ಗೆ ಸಿಟ್ಟು ಬರುತ್ತದೆ, ಬರಲಿ.

ನಮ್ಮ ನಗರಗಳಲ್ಲಿ ಎಷ್ಟೋ ಆಶ್ರಮಗಳು ನಡೆಯುವುದು ಬಾಡಿಗೆ ಮನೆಗಳಲ್ಲಿ. ಮೂರಂತಸ್ತಿನ ಮನೆ, ಒಂದೇ ಮೆಟ್ಟಿಲು, ಸ್ಟ್ರೆಚರ್ ತಿರುಗದ ತಿರುವು. ಕಳ್ಳರ ಭಯಕ್ಕೆ ಹಾಕಿಸಿದ ಕಿಟಕಿ ಗ್ರಿಲ್, ಬಾಲ್ಕನಿಗೂ ಗ್ರಿಲ್, ಕೆಳಗೆ ಎಳೆಯುವ ಗೇಟು, ಅದಕ್ಕೊಂದು ಬೀಗ. ರಾಷ್ಟ್ರೀಯ ಕಟ್ಟಡ ಸಂಹಿತೆ ವೃದ್ಧಾಶ್ರಮವನ್ನು ವಾಸದ ಮನೆ ಅಂತ ನೋಡುವುದಿಲ್ಲ, ಆಸ್ಪತ್ರೆಗಳಿರುವ ಸಾಂಸ್ಥಿಕ ಕಟ್ಟಡಗಳ ಗುಂಪಿಗೆ ಸೇರಿಸುತ್ತದೆ. ಯಾಕೆಂದರೆ ಒಳಗಿರುವವರು ತಾವಾಗಿ ಎದ್ದು ಓಡಲಾರರು. ಆದರೆ ಬಾಡಿಗೆ ಕರಾರಿನಲ್ಲಿ ಅದು ಮನೆಯೇ.

ಬೀಗ ಹಾಕುವುದಕ್ಕೆ ಕಾರಣ ಇಲ್ಲ ಅಂತಲ್ಲ. ಮರೆವಿನ ಕಾಯಿಲೆ ಇರುವವರು ನಡುರಾತ್ರಿ ಎದ್ದು "ಊರಿಗೆ ಹೋಗಬೇಕು" ಅಂತ ಹೊರಟುಬಿಡುತ್ತಾರೆ. ಹಾಗೆ ಹೋದವರನ್ನು ಹುಡುಕುವ ಸಂಕಟ ಏನು ಅಂತ ನನಗೆ ಗೊತ್ತು. ಒಂದು ಕಡೆ ಆಯಾ ಒಬ್ಬಳನ್ನು ಕೇಳಿದೆ, ರಾತ್ರಿ ಬೀಗದ ಕೈ ಯಾರ ಹತ್ತಿರ ಇರುತ್ತಮ್ಮ ಅಂತ. "ಸಾರ್ ಹತ್ರ ಇರುತ್ತೆ. ಸಾರ್ ಮನೆ ಪಕ್ಕದ ರೋಡಲ್ಲೇ" ಅಂದಳು. ಎರಡು ಮಹಡಿಗೆ ರಾತ್ರಿ ಅವಳೊಬ್ಬಳೇ. ಬೆಳಗ್ಗೆ ತಿಂಡಿಗೆ ತರಕಾರಿ ಹೆಚ್ಚಿಕೊಡುವವಳೂ ಅವಳೇ. ಆ ಜಾಗದಲ್ಲಿ ಕ್ಯಾಮೆರಾಗಳು ಮಾತ್ರ ಬೇಕಾದಷ್ಟಿದ್ದವು, ಮಗ ಅಲ್ಲೆಲ್ಲೋ ಕೂತು ಮೊಬೈಲಿನಲ್ಲಿ ಅಮ್ಮನನ್ನು ನೋಡಬಹುದು. ಅಮ್ಮ ಬಿದ್ದರೆ ಬಿದ್ದದ್ದನ್ನೂ ನೋಡಬಹುದು!

ಬೀಗ ಮತ್ತು ಬೆಂಕಿ ಅಂದಾಗ ಏರ್ವಾಡಿ ನೆನಪಾಗದೆ ಇರದು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆ, 2001ರ ಆಗಸ್ಟ್ 6. ದರ್ಗಾದ ಹತ್ತಿರ ಖಾಸಗಿಯವರು ನಡೆಸುತ್ತಿದ್ದ ಮಾನಸಿಕ ರೋಗಿಗಳ ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಸುಟ್ಟುಹೋದರು. ಅವರನ್ನು ಸರಪಳಿಯಲ್ಲಿ ಕಟ್ಟಿದ್ದರು. ಓಡಿಹೋಗಬಾರದು ಅಂತ ಕಟ್ಟಿದ ಸರಪಳಿ ಅದು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದ್ದಾರೆ. ಅದೇ ಕಾಯ್ದೆಯ 97ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ, ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಅದು: ಸಿಬ್ಬಂದಿ ಕಮ್ಮಿ ಇದ್ದಾರೆ ಅನ್ನುವ ಕಾರಣಕ್ಕೆ ಯಾರನ್ನೂ ಕಟ್ಟಿಹಾಕುವ ಹಾಗಿಲ್ಲ.

ವೃದ್ಧಾಶ್ರಮಗಳಲ್ಲಿ ಸರಪಳಿ ಇರುವುದಿಲ್ಲ. ಹಳೆ ಸೀರೆಯೋ ದುಪಟ್ಟಾನೋ ಇರುತ್ತದೆ. "ಬೀಳಬಾರದು ಅಂತ ಸ್ವಲ್ಪ ಕಟ್ಟಿದ್ದೀವಿ ಮೇಡಂ, ಅಜ್ಜಿಗೆ ನೋವಾಗಲ್ಲ." ಕಟ್ಟದ ಕಡೆ ನಿದ್ದೆ ಮಾತ್ರೆ. ರಾತ್ರಿ ಇಡೀ ಮನೆ ಗಪ್‌ಚಿಪ್ ಆಗಿದ್ದರೆ ನನಗೆ ಮೊದಲು ಅನುಮಾನ ಬರುವುದು ಅಲ್ಲಿಯೇ. ವಯಸ್ಸಾದವರು ರಾತ್ರಿ ಮೂತ್ರಕ್ಕೆ ಏಳುತ್ತಾರೆ, ನೀರು ಕೇಳುತ್ತಾರೆ, ಸುಮ್ನೆ ಕರೆಯುತ್ತಾರೆ. ಯಾರೂ ಏಳದಿದ್ದರೆ ಏನೋ ಕೊಟ್ಟಿದ್ದಾರೆ ಅಂತಲೇ ಲೆಕ್ಕ. ಮಾತ್ರೆಯ ಅಮಲಿನಲ್ಲಿ ಎದ್ದವರು ಬಚ್ಚಲಿಗೆ ಹೋಗುವ ದಾರಿಯಲ್ಲಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಜನ ಬರೀ ಬಿದ್ದು ಸಾಯುತ್ತಾರೆ, ಅವರಲ್ಲಿ 60 ದಾಟಿದವರೇ ಹೆಚ್ಚು. ಬಚ್ಚಲಲ್ಲಿ ಹಿಡಿಕೆ, ಜಾರದ ನೆಲ, ರಾತ್ರಿ ಉರಿಯುವ ಸಣ್ಣ ದೀಪ, ಹೊರಗಿನಿಂದಲೂ ತೆಗೆಯಲು ಬರುವ ಚಿಲಕ, ಇವು ದೊಡ್ಡ ಖರ್ಚಿನ ವಿಷಯಗಳಲ್ಲ. ಇವನ್ನು ಹಗಲಲ್ಲೇ ನೋಡಬಹುದು, ದಯವಿಟ್ಟು ನೋಡಿ.

ಇದನ್ನೆಲ್ಲ ಸರ್ಕಾರ ಪರಿಶೀಲನೆ ಮಾಡುವುದಿಲ್ಲವಾ? ಹಿರಿಯ ನಾಗರಿಕರ 2007ರ ಕಾಯ್ದೆ ನಮಗೆಲ್ಲ ಗೊತ್ತಿರುವುದು ಮಕ್ಕಳು ಕೊಡಬೇಕಾದ ಜೀವನಾಂಶಕ್ಕೆ, ಮತ್ತೆ ದಾನಪತ್ರ ರದ್ದು ಮಾಡಿದ ಎಸಿ (ಉಪವಿಭಾಗಾಧಿಕಾರಿ) ಆದೇಶಗಳಿಗೆ. ರಾಜ್ಯ ಸರ್ಕಾರ ಜಿಲ್ಲೆಗೊಂದಾದರೂ ಆಶ್ರಮದಿಂದ ಶುರುಮಾಡಿ, ಕನಿಷ್ಠ 150 ಬಡ ವೃದ್ಧರಿಗೆ ಜಾಗ ಮಾಡಬಹುದು ಅಂತಲೂ ಅದರಲ್ಲಿದೆ. ಆದರೆ ಖಾಸಗಿ ಆಶ್ರಮಗಳ ನೋಂದಣಿ, ಕನಿಷ್ಠ ಗುಣಮಟ್ಟ, ಇವನ್ನು ತರಲು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿದ್ದುಪಡಿ ಮಸೂದೆ ಬಂತು, ಸ್ಥಾಯಿ ಸಮಿತಿಗೆ ಹೋಯಿತು, 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದೂ ಮುಗಿಯಿತು. ಐರ್ಲೆಂಡಿನಲ್ಲಿ 2009ರಿಂದ ಸ್ವತಂತ್ರ ಸಂಸ್ಥೆಯೊಂದು ವೃದ್ಧರ ನರ್ಸಿಂಗ್ ಹೋಂಗಳನ್ನು ತಪಾಸಣೆ ಮಾಡುತ್ತದೆ. ಹೇಳದೆಯೂ ಹೋಗುತ್ತಾರೆ. ವರದಿ ಆನ್‌ಲೈನ್‌ನಲ್ಲಿ ಇರುತ್ತದೆ, ಯಾರು ಬೇಕಾದರೂ ಓದಬಹುದು. ಅಲ್ಲಿ ತಪ್ಪೇ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಆದ ತಪ್ಪು ಬರಹದಲ್ಲಿ ಇರುತ್ತದೆ. ನಮ್ಮಲ್ಲಿ ಹೊಸದಾಗಿ ಅಮ್ಮನನ್ನು ಸೇರಿಸಲು ಬಂದವರಿಗೆ ಹೋದ ವರ್ಷ ಅದೇ ಮನೆಯಲ್ಲಿ ಯಾರು ಬಿದ್ದರು, ಯಾರಿಗೆ ಬೆನ್ನಿನಲ್ಲಿ ಹುಣ್ಣಾಯಿತು ಅಂತ ತಿಳಿಯುವ ದಾರಿಯೇ ಇಲ್ಲ. ಕೊನೆಗೆ ಗೂಗಲ್ ಸ್ಟಾರ್ ನೋಡುತ್ತೇವೆ. ಆ ಸ್ಟಾರ್ ಕೊಟ್ಟಿರುವುದು ಹಗಲು ಬಂದು ಹೋದ ಮಕ್ಕಳು.

ಆಶ್ರಮ ನಡೆಸುವವರನ್ನು ಮಾತ್ರ ಬೈದರೆ ಆಗದು. ಹಾಸಿಗೆ ಬಿಟ್ಟು ಏಳಲಾಗದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹುಣ್ಣು ಖಂಡಿತ. ಅದಕ್ಕೆ ರಾತ್ರಿ ಎಚ್ಚರ ಇರುವ ಜನ ಬೇಕು. ಹಗಲು ದುಡಿದು ಅಲ್ಲೇ ಮಲಗಿರುವವರಲ್ಲ, ರಾತ್ರಿಗೆಂದೇ ಸಂಬಳ ಪಡೆಯುವವರು. "ತಿಂಗಳಿಗೆ ಎರಡು ಸಾವಿರ ಕಮ್ಮಿ ಮಾಡಿಕೊಳ್ಳಿ" ಅಂತ ನಾವು ಚೌಕಾಸಿ ಮಾಡುತ್ತೇವೆ. ಹಗಲು ಕಾಣುವ ಹೂವಿನ ಕುಂಡವನ್ನು ಯಾರೂ ಕಡಿಮೆ ಮಾಡುವುದಿಲ್ಲ. ರಾತ್ರಿಯ ಒಬ್ಬ ಆಯಾಳನ್ನು ಬಿಡಿಸುತ್ತಾರೆ, ಅಷ್ಟೇ.

ಅದಕ್ಕೇ ಅಡ್ವಾನ್ಸ್ ಕೊಡುವ ಮೊದಲು ನಾನು ರಾತ್ರಿ ಪಾಳಿಯ ಹಾಜರಿ ಪುಸ್ತಕ ಕೇಳುತ್ತೇನೆ. ಕಳೆದ ತಿಂಗಳು ಯಾರು ಯಾರು ಬಿದ್ದರು ಅಂತ ಬರೆದಿಟ್ಟಿದ್ದೀರಾ ಅಂತ ಕೇಳುತ್ತೇನೆ. "ನಮ್ಮಲ್ಲಿ ಯಾರೂ ಬೀಳುವುದೇ ಇಲ್ಲ" ಅನ್ನುವ ಕಡೆಗಿಂತ, ಬಿದ್ದವರ ಹೆಸರು, ಹೊತ್ತು, ಆಮೇಲೆ ಏನು ಬದಲಾಯಿಸಿದರು ಅಂತ ತೋರಿಸುವ ಕಡೆಯೇ ನನಗೆ ಇಷ್ಟ. ಸಾಧ್ಯವಾದರೆ ರಾತ್ರಿ ಊಟ ಆದ ಮೇಲೆ ಹೇಳದೆ ಒಂದು ಸಲ ಹೋಗುತ್ತೇನೆ. ಬಿಡುವುದಿಲ್ಲ ಅಂದರೆ ಅದೂ ಒಂದು ಉತ್ತರವೇ. ಅಮ್ಮನನ್ನು ಈಗಾಗಲೇ ಸೇರಿಸಿದವರು, ಏನೋ ಸರಿಯಿಲ್ಲ ಅನ್ನಿಸಿದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು. ಆ ನಂಬರನ್ನು ಅಮ್ಮನ ಫೋನಿನಲ್ಲೂ ಹಾಕಿಕೊಡಿ. ಫೋನು ಅಮ್ಮನ ದಿಂಬಿನ ಹತ್ತಿರ ಇರುತ್ತಾ, ಇಲ್ಲ ರಾತ್ರಿ ಎಂಟಕ್ಕೆ ಆಫೀಸಿನಲ್ಲಿ ಕಟ್ಟಿಡುತ್ತಾರಾ ಅಂತಲೂ ಕೇಳಿ. ಕೆಲವು ಕಡೆ ಹಾಗೆ ಮಾಡುತ್ತಾರೆ.