ಸಿನಿಮಾ ಕತ್ತಿಗೆ ನಾನು ಬಗೆದ ದ್ರೋಹ

ನಾನು ಮಾಡಿದ ಕತ್ತಿ ನೋಡಿದವರೆಲ್ಲ ಕೇಳುವುದು ಒಂದೇ. "ಸಿನಿಮಾದಲ್ಲಿ ಇದ್ದ ಹಾಗೆ ಇಲ್ವಲ್ಲ?"

ಇಲ್ಲ. ಬೇಕಂತಲೇ ಹಾಗೆ ಮಾಡಿದ್ದು.

ಮೊದಲ ಸಲ ಇದ್ದ ಹಾಗೇ ಮಾಡಲು ಹೋಗಿದ್ದೆ. ಯಾವ ಸಿನಿಮಾ ಅಂತ ಬೇಡ ಬಿಡಿ, ಅದರ ಜಗಳವೇ ಬೇರೆ. ಅಗಲವಾದ ಅಲಗು. ಹಿಡಿಯ ಹತ್ತಿರ ಅಲಗಿನಲ್ಲೇ ಕೊರೆದ ಚೌಕದ ಕಿಂಡಿ. ಕೈಗೆ ಅಡ್ಡ ಇರುವ ಪಟ್ಟಿಯ ತುಂಬ ಮುಳ್ಳು. ದೃಶ್ಯ ನಿಲ್ಲಿಸಿ ನಿಲ್ಲಿಸಿ, ನಟನ ಅಂಗೈ ಲೆಕ್ಕದಲ್ಲಿ ಅಳತೆ ತೆಗೆದೆ. ರಟ್ಟಿನಲ್ಲಿ ಕತ್ತರಿಸಿ ಕನ್ನಡಿ ಮುಂದೆ ನಿಂತೂ ಆಯಿತು. ಆಮೇಲೆ ಲೆಕ್ಕ ಹಾಕಿದೆ. 85 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ, 6 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ ಅಂದರೆ ಹತ್ತಿರ ಹತ್ತಿರ 2.4 ಕೆಜಿ. ಬರೀ ಪಟ್ಟಿ! ಹಿಂದಿನ ಕಾಲದಲ್ಲಿ ಯುದ್ಧಕ್ಕೆ ಒಯ್ಯುತ್ತಿದ್ದ ಒಂಟಿ ಕೈ ಕತ್ತಿಗಳು ಹಿಡಿ ಸೇರಿಸಿಯೂ ಸುಮಾರು ಒಂದೂವರೆ ಕೆಜಿ ದಾಟುವುದು ಕಡಿಮೆ. ಸಿನಿಮಾದವರಿಗೆ ಈ ತಲೆನೋವಿಲ್ಲ. ಹೊಡೆದಾಟದ ದೃಶ್ಯಕ್ಕೆ ಅಲ್ಯೂಮಿನಿಯಂ ಅಥವಾ ರಬ್ಬರ್ ಕತ್ತಿ ಕೊಟ್ಟರೆ ಮುಗಿಯಿತು.

ಉಕ್ಕಿನ ವಿಷಯದಲ್ಲಿ ಮಾತ್ರ ಮೊದಲೇ ಹುಷಾರಾಗಿದ್ದೆ. ಗೋಡೆಗೆ ನೇತುಹಾಕುವ ಕತ್ತಿಗಳು ಸಾಮಾನ್ಯವಾಗಿ ಸ್ಟೇನ್‌ಲೆಸ್, ಹಿಡಿಯೊಳಗೆ ತೆಳ್ಳನೆಯ ಕಂಬಿಯ ಬೆಸುಗೆ. ಜೋರಾಗಿ ಒಮ್ಮೆ ಬೀಸಿದರೆ ಅಲಗು ಒಂದು ಕಡೆ, ಹಿಡಿ ಇನ್ನೊಂದು ಕಡೆ. ನಾನು ಆರಿಸಿದ್ದು 5160. ಲಾರಿಯ ಲೀಫ್ ಸ್ಪ್ರಿಂಗ್ ಜಾತಿಯ ಉಕ್ಕು, ಬಾಗಿದರೂ ನೆಟ್ಟಗಾಗುತ್ತದೆ. ಕರಗಿದ ಉಕ್ಕನ್ನು ಅಚ್ಚಿಗೆ ಸುರಿಯುವ ಆ ದೃಶ್ಯ ಇದೆಯಲ್ಲ, ಅದನ್ನು ಮರೆತುಬಿಡಿ. ಕತ್ತಿ ಹಾಗೆ ಹುಟ್ಟುವುದಿಲ್ಲ. ಸುತ್ತಿಗೆಯ ಕೆಲಸವೂ ನೀವಂದುಕೊಂಡಷ್ಟಿಲ್ಲ. ಜಾಸ್ತಿ ಹೊತ್ತು ಹೋಗುವುದು ಅರ ಉಜ್ಜುವುದರಲ್ಲಿ, ಮೂಗಿನ ತುಂಬ ಕಪ್ಪು ಪುಡಿ ತುಂಬಿಕೊಂಡು. (ಮಾಸ್ಕ್ ಹಾಕಿಕೊಳ್ಳಿ, ನನ್ನ ಹಾಗೆ ಸೋಮಾರಿತನ ಮಾಡಬೇಡಿ.)

ಆಮೇಲೆ ಹದ ಕೊಡುವ ದಿನ ಬಂತು. ಸುಮಾರು 770 ಡಿಗ್ರಿ ದಾಟಿದರೆ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅಲ್ಲಿಂದ ಇನ್ನೂ ಸ್ವಲ್ಪ ಕಾಯಿಸಿ, ಬೆಚ್ಚಗಿನ ಎಣ್ಣೆಗೆ ಇಳಿಸಿದೆ. ಬುಸ್ ಅಂತ ಹೊಗೆ. ಅದರೊಳಗಿಂದ ಸಣ್ಣಗೆ "ಟಿಣ್".

ಆ ಸದ್ದು ಕೇಳಿದವರಿಗೆ ಗೊತ್ತು, ನೋಡುವುದೇ ಬೇಡ. ಕಿಂಡಿಯ ಮೂಲೆಯಿಂದ ಅಲಗಿನ ಬಾಯಿಯವರೆಗೆ, ಅಂದರೆ ಕಡಿಯುವ ಅಂಚಿನವರೆಗೆ, ಕೂದಲೆಳೆಯಷ್ಟು ಬಿರುಕು. ಎಣ್ಣೆಯಲ್ಲಿ ಉಕ್ಕು ಗಟ್ಟಿಯಾಗುವಾಗ ತೆಳ್ಳಗಿನ ಭಾಗ ಬೇಗ ತಣಿಯುತ್ತದೆ, ದಪ್ಪದ್ದು ತಡವಾಗಿ. ಒಳಗೊಳಗೇ ಎಳೆದಾಟ. ಚೂಪು ಮೂಲೆ ಇದ್ದರೆ ಆ ಎಳೆತವೆಲ್ಲ ಅಲ್ಲೇ ಬಂದು ಸೇರುತ್ತದೆ. ಕಾಗದದ ಮೇಲೆ ಚಿತ್ರ ಬರೆದವರು ಅದನ್ನು ಎಣ್ಣೆಗೆ ಅದ್ದಬೇಕಿರಲಿಲ್ಲ, ಅಲ್ವಾ?

ಎರಡನೆಯದರಲ್ಲಿ ನಾಚಿಕೆ ಬಿಟ್ಟು ವಿನ್ಯಾಸ ತಿದ್ದಿದೆ. ಕಿಂಡಿ ಹೋಯಿತು. ಆ ಜಾಗದಲ್ಲಿ ಎರಡೂ ಬದಿಗೆ ಉದ್ದಕ್ಕೆ ಒಂದೊಂದು ಗುಂಡನೆಯ ತೋಡು ಕೊರೆದೆ, ತೂಕವೂ ಇಳಿಯಿತು. ಅಗಲ ತಗ್ಗಿಸಿದೆ. ಹಿಡಿಯ ಬಳಿ 6 ಮಿ.ಮೀ. ಇದ್ದ ದಪ್ಪ ತುದಿಗೆ ಬರುವಾಗ 3 ಆಗುವಂತೆ ಇಳಿಸಿದೆ. ಸಿನಿಮಾದಲ್ಲಿ ಕಣ್ಣಿಗೇ ಬೀಳದ ಸಂಗತಿ ಇದು. ಕೈಗೆ ಮಾತ್ರ ತಕ್ಷಣ ತಿಳಿಯುತ್ತದೆ. ಎಣ್ಣೆಗೆ ಹಾಕುವ ಮೊದಲು ಬಾಯಿಯನ್ನು ಹರಿತ ಮಾಡದೆ ಒಂದೂವರೆ ಮಿ.ಮೀ. ದಪ್ಪ ಬಿಟ್ಟೆ. ಮೂರು ಸಲ ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟೆ. ಆಮೇಲೆ ಎಣ್ಣೆ. ಈ ಸಲ "ಟಿಣ್" ಇಲ್ಲ. ಅರ ಉಜ್ಜಿದರೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಅಷ್ಟು ಗಡಸಾದರೆ ಬಿದ್ದರೂ ಒಡೆಯುತ್ತದೆ, ಅದಕ್ಕೆ 280 ಡಿಗ್ರಿಯ ಆಸುಪಾಸು ಎರಡೆರಡು ಗಂಟೆ, ಎರಡು ಸಲ ಕಾಯಿಸಿ ಮೆತ್ತಗೆ ಮಾಡಿದೆ. ಮನೆಯ ಓವನ್‌ನಲ್ಲಿ ಇಷ್ಟುದ್ದದ್ದು ಹಿಡಿಸುವುದಿಲ್ಲ. ಇಟ್ಟಿಗೆ ಜೋಡಿಸಿ, ಕಾಯಿಲ್ ಹಾಕಿ ಉದ್ದನೆಯ ಗೂಡು ಕಟ್ಟಬೇಕಾಯಿತು.

ಮುಳ್ಳುಗಳನ್ನು ಮಾತ್ರ ಆಸೆಯಿಂದ ಉಳಿಸಿಕೊಂಡಿದ್ದೆ. ಮೊದಲ ಬೀಸಿಗೇ ಮಣಿಕಟ್ಟಿಗೆ ಚುಚ್ಚಿತು. ಅವತ್ತು ಸಂಜೆಯೇ ಕತ್ತರಿಸಿ ಹಾಕಿದೆ.

ಈಗ ಕತ್ತಿ 1.3 ಕೆಜಿ ಇದೆ. ನೀರು ತುಂಬಿದ ಬಾಟಲಿಯನ್ನು ಕಡಿದರೆ ಕೆಳಗಿನ ಅರ್ಧ ನಿಂತಲ್ಲೇ ನಿಂತಿರುತ್ತದೆ.

ಮೊದಲಿನದು, ಸಿನಿಮಾದಂತೆಯೇ ಇರುವುದು, ಗೋಡೆಯ ಮೇಲಿದೆ. ಬಿರುಕು ಕಾಣದ ಹಾಗೆ ತಿರುಗಿಸಿಟ್ಟಿದ್ದೇನೆ. ಬಂದವರೆಲ್ಲ ಹೊಗಳುವುದು ಅದನ್ನೇ.