ಸ್ಪಷ್ಟನೆ: ಧ್ರುವದ ಹಿಮದ ಅಂಚು ಕಂಪ್ಯೂಟರಿನ ಊಹೆಯಲ್ಲ

ಕಾರವಾರದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಧ್ರುವದಲ್ಲಿ ತಿಂಗಳುಗಟ್ಟಲೆ ಕತ್ತಲು, ಉಪಗ್ರಹಕ್ಕೆ ಏನೂ ಕಾಣಲ್ಲ, ಕಡಲಿನ ಮೇಲಿನ ಹಿಮ ಎಲ್ಲಿಗೆ ಮುಗಿಯುತ್ತದೆ ಅನ್ನುವ ಅಂಚಿನ ನಕ್ಷೆಯೆಲ್ಲ ಕಂಪ್ಯೂಟರ್ ಸುಮ್ನೆ ಊಹಿಸಿ ಬರೆದದ್ದು ಅಂತ. ಇದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ಕತ್ತಲು ನಿಜ. ಆದರೆ ಈ ಕೆಲಸಕ್ಕೆ ಬೆಳಕೇ ಬೇಡ. ಹಿಮವೂ ನೀರೂ ತಾವಾಗಿಯೇ ಮೈಕ್ರೋವೇವ್ (ಕಣ್ಣಿಗೆ ಕಾಣದ ಒಂದು ಬಗೆಯ ರೇಡಿಯೋ ಅಲೆ) ಹೊರಸೂಸುತ್ತವೆ, ಪ್ರಮಾಣ ಮಾತ್ರ ಬೇರೆ ಬೇರೆ. 1978ರ ನಿಂಬಸ್-7 ಉಪಗ್ರಹದಿಂದ ಹಿಡಿದು ಇವತ್ತಿನವರೆಗೂ ಅಳೆಯುತ್ತಿರುವುದು ಅದನ್ನೇ. ಸಮುದ್ರವನ್ನು ಸುಮಾರು 25 ಕಿಲೋಮೀಟರ್ ಅಗಲದ ಚೌಕಗಳಾಗಿ ಹಂಚಿಕೊಂಡು, ಒಂದು ಚೌಕದಲ್ಲಿ ಕನಿಷ್ಠ ಶೇಕಡಾ 15ರಷ್ಟು ಹಿಮ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಆ ಗಡಿಯೇ ಅಂಚು. ಇನ್ನೂ ಸೂಕ್ಷ್ಮವಾಗಿ ಬೇಕಾದರೆ ತಾವೇ ಅಲೆ ಕಳಿಸಿ ಮರಳಿ ಬಂದದ್ದನ್ನು ಹಿಡಿಯುವ ಸೆಂಟಿನೆಲ್-1ರಂಥ ರಾಡಾರ್ ಉಪಗ್ರಹಗಳಿವೆ. ಜುಲೈ ಮಳೆಯಲ್ಲಿ ನಮ್ಮ ಬೈತಖೋಲ್ ಬಂದರಿನ ಮೇಲೆ ಮೋಡ ಕವಿದಿದ್ದರೂ ಇಂಥ ರಾಡಾರಿಗೆ ಕೆಳಗಿನ ಕಡಲು, ದೊಡ್ಡ ಹಡಗು ಕಾಣುತ್ತದೆ!

ನಿಜವಾದ ತೊಂದರೆ ಇರುವುದು ಬೇಸಿಗೆಯಲ್ಲಿ. ಹಿಮದ ಮೇಲೆ ಕರಗಿದ ನೀರು ನಿಂತರೆ ಮೈಕ್ರೋವೇವ್ ಉಪಕರಣಕ್ಕೆ ಅದು ತೆರೆದ ಕಡಲಿನಂತೆ ಕಾಣುತ್ತದೆ, ಹಿಮ ಇರುವುದಕ್ಕಿಂತ ಕಡಿಮೆ ಅಂತ ಲೆಕ್ಕ ಬರುತ್ತದೆ. ಅದಕ್ಕೇ ಹಡಗುಗಳಿಗೆ ಕೊಡುವ ನಕ್ಷೆಗಳಿಗೆ ತಜ್ಞರು ರಾಡಾರ್ ಚಿತ್ರ ನೋಡಿ ಅಂಚನ್ನು ತಾವೇ ಗುರುತಿಸುತ್ತಾರೆ.